ಕೊಡ ನೀರು ಕೇಳದ ಹೂಗಿಡಗಳು

2016ರ ಬೇಸಿಗೆ. ಘೋಣಸಗಿಯ ನಮ್ಮ ಮನೆಯಂಗಳದಲ್ಲಿ ಆರು ಗುಲಾಬಿ ಗಿಡಗಳಿದ್ದವು. ದಿನಕ್ಕೆ ಎರಡು ಕೊಡ ನೀರು ಅವಕ್ಕೇ ಬೇಕಾಗುತ್ತಿತ್ತು. ಒಂದು ಸಂಜೆ ಕೊಡ ಹೊತ್ತು ತಂದ ಮಗಳು ಅದನ್ನು ಕಟ್ಟೆಯ ಮೇಲಿಳಿಸಿ, ‘ಅಪ್ಪಾ, ಇದು ಕುಡ್ಯಾಕೋ, ಗುಲಾಬಿಗೋ?’ ಎಂದು ಕೇಳಿದಳು. ವಿಜ್ಞಾನದ ಮಾಸ್ತರನಾದ ನನ್ನಲ್ಲಿ ಉತ್ತರವಿರಲಿಲ್ಲ. ಗುಲಾಬಿಗಳು ಒಣಗಿದವು. ಆದರೆ ಬೇಲಿಯ ಪಕ್ಕದಲ್ಲಿ ಯಾರೂ ನೀರು ಹಾಕದ ಕಣಗಲೆ ಮೈತುಂಬ ಹೂ ಬಿಟ್ಟು ನಿಂತಿತ್ತು. ಉತ್ತರ ಅಲ್ಲಿತ್ತು!

ಎಲೆಯೊಳಗಿನ ಗುಟ್ಟು

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಇಷ್ಟರಲ್ಲಿ ಬದುಕಬೇಕಾದ ಗಿಡ ನೀರನ್ನು ಹುಡುಕುವುದಕ್ಕಿಂತ ಉಳಿಸುವುದನ್ನು ಮೊದಲು ಕಲಿಯಬೇಕು. ಕಣಗಲೆಯ ಎಲೆಯ ಮೇಲ್ಮೈಗೆ ಮೇಣದಂಥ ದಪ್ಪ ಹೊದಿಕೆಯಿದೆ. ನೀರಾವಿ ಹೊರಹೋಗುವ ಪತ್ರರಂಧ್ರಗಳಿರುವುದು ಕೆಳಮೈಯಲ್ಲಿ. ಅವೂ ಸಣ್ಣ ಸಣ್ಣ ಗುಳಿಗಳೊಳಗೆ ಅಡಗಿವೆ. ಗುಳಿಯ ತುಂಬ ನವಿರಾದ ರೋಮಗಳು. ಬಿಸಿಗಾಳಿ ಬೀಸಿದರೂ ಗುಳಿಯೊಳಗಿನ ತೇವ ಬೇಗ ಹಾರುವುದಿಲ್ಲ. ನಾವು ತಲೆಗೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಹೋಗುತ್ತೇವಲ್ಲ, ಹಾಗೆ!

ಅಂಗಳಕ್ಕೆ ಯಾವ ಗಿಡ?

ಕಾಗದದ ಹೂವು ಎಂದು ಕರೆಯುವ ಬೋಗನ್‌ವಿಲ್ಲಾ ನಮ್ಮ ಬಿಸಿಲಿಗೆ ಹೇಳಿಮಾಡಿಸಿದ ಗಿಡ. ಇದರ ತವರು ದಕ್ಷಿಣ ಅಮೆರಿಕ. ನಾವು ಹೂವೆಂದು ತಿಳಿಯುವ ಬಣ್ಣದ ಭಾಗ ನಿಜವಾಗಿ ಮಾರ್ಪಟ್ಟ ಎಲೆ. ಅದರ ನಡುವಿನ ಸಣ್ಣ ಬಿಳಿ ಕೊಳವೆಯೇ ಹೂವು. ನೀರು ಹೆಚ್ಚಾದರೆ ಇದು ಎಲೆ ಬಿಟ್ಟು ಕೊಬ್ಬುತ್ತದೆ; ಮಣ್ಣು ತುಸು ಒಣಗಿದರೆ ಬಣ್ಣ ತುಂಬುತ್ತದೆ.

ತಂಗಡಿಯನ್ನು ನಾವು ಬರಡು ನೆಲದ ಗಿಡವೆಂದು ಕಡೆಗಣಿಸಿದ್ದೇವೆ. ಬಂಗಾರದ ಬಣ್ಣದ ಇದೇ ಹೂವು ನೆರೆಯ ತೆಲಂಗಾಣದ ರಾಜ್ಯಪುಷ್ಪ. ಕೆಂಪು-ಹಳದಿ ಗೊಂಚಲಿನ ರತ್ನಗಂಧಿ, ಮುಳ್ಳುಗೋರಂಟಿಗಳೂ ಕಡಿಮೆ ನೀರಿನವೇ. ಕಣಗಲೆ, ಕಾಗದದ ಹೂವನ್ನು ಟೊಂಗೆ ನೆಟ್ಟು ಬೆಳೆಸಬಹುದು. ತಂಗಡಿ, ರತ್ನಗಂಧಿಯ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿರಿ. ತಂಗಡಿಯ ತಾಯಿಬೇರು ಆಳಕ್ಕಿಳಿಯುವುದರಿಂದ ಅದನ್ನು ಕಿತ್ತು ನೆಡುವ ಬದಲು ಇರಬೇಕಾದ ಜಾಗದಲ್ಲೇ ಬಿತ್ತುವುದು ಮೇಲು.

ಕೊಲ್ಲುವುದು ಬಿಸಿಲಷ್ಟೇ ಅಲ್ಲ

ನಮ್ಮ ಎರೆಮಣ್ಣಿನಲ್ಲಿ ಗಿಡಕ್ಕೆ ಎರಡು ಗಂಡಾಂತರ. ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ಸೆಪ್ಟೆಂಬರಿನ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಒಂದೂವರೆ ಅಡಿ ಗುಣಿ ತೋಡಿ, ಎರೆಮಣ್ಣಿಗೆ ಗರಸು ಮತ್ತು ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೆಲಕ್ಕಿಂತ ತುಸು ಎತ್ತರದಲ್ಲಿ ನೆಡಿ. ಮುಂಗಾರಿನ ಮೊದಲ ಮಳೆಗಳ ನಂತರ ನೆಟ್ಟರೆ ಒಳ್ಳೆಯದು.

ಬರ ತಡೆಯುವ ಗಿಡವೂ ಹುಟ್ಟುತ್ತಲೇ ಬರ ತಡೆಯುವುದಿಲ್ಲ. ಮೊದಲ ವರ್ಷ ಅದಕ್ಕೂ ನೀರು ಬೇಕು. ಆದರೆ ದಿನಕ್ಕೊಂದು ತಂಬಿಗೆ ಹಾಕಿದರೆ ಮೇಲಿನ ಮಣ್ಣಷ್ಟೇ ನೆನೆದು ಬೇರುಗಳು ಮೇಲೆಯೇ ಉಳಿಯುತ್ತವೆ. ಮಳೆಯಿಲ್ಲದಾಗ ಎಂಟು ದಿನಕ್ಕೊಮ್ಮೆ ಒಂದು ಕೊಡವನ್ನು ನಿಧಾನವಾಗಿ ಇಂಗಿಸಿ. ತೇವವನ್ನು ಹಿಂಬಾಲಿಸಿ ಬೇರು ಕೆಳಗಿಳಿಯುತ್ತದೆ. ಎರಡನೇ ವರ್ಷದಿಂದ ಅಂತರ ಹೆಚ್ಚಿಸುತ್ತಾ ಹೋಗಿ. ಬುಡಕ್ಕೆ ತೊಗರಿ ಹೊಟ್ಟು ಇಲ್ಲವೆ ಕಣಿಕೆಯ ಚೂರು ಹರಡಿ. ಬಿರುಕು ಕಂಡಾಗ ಮೇಲ್ಮಣ್ಣು ಕೆದಕಿ ಮುಚ್ಚಿರಿ. ಎಡೆ ಹೊಡೆಯುವ ರೈತ ಹೊಲದಲ್ಲಿ ಮಾಡುವುದೂ ಇದನ್ನೇ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಆರಂಭವಾಯಿತು; ಬಿದ್ದ ಮಳೆಯನ್ನು ಮಣ್ಣಿನಲ್ಲೇ ಹಿಡಿದಿಡುವುದು ಅದರ ಮೂಲಪಾಠ.

ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಈ ಗಿಡಗಳಿಗೆ ಸಾಕು. ಸಾಬೂನಿನ ನೀರು ಬೇಡ. ಅದರಲ್ಲಿನ ಸೋಡಿಯಂ ಎರೆಮಣ್ಣನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಒಂದು ಎಚ್ಚರಿಕೆ

ಕಣಗಲೆಯ ಎಲೆ, ಹೂ, ಕಾಂಡ, ಬೀಜ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಚಿಕ್ಕ ಮಕ್ಕಳಿರುವ, ದನ ಕಟ್ಟುವ ಅಂಗಳದಲ್ಲಿ ಇದನ್ನು ನೆಡಬೇಡಿ. ಕತ್ತರಿಸಿದ ಟೊಂಗೆಗಳನ್ನು ಮೇವಿಗೆ ಬೆರೆಸಬೇಡಿ, ಒಲೆಗೂ ಹಾಕಬೇಡಿ. ಯಾರಾದರೂ ಅಗಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮಕ್ಕಳಿಗೊಂದು ಪ್ರಯೋಗ

ದೊಡ್ಡವರ ಎದುರಿನಲ್ಲಿ ಕಣಗಲೆಯ ಒಂದೇ ಅಳತೆಯ ನಾಲ್ಕು ಎಲೆ ಕಿತ್ತುಕೊಳ್ಳಿ. ತೊಟ್ಟಿನ ತುದಿಗಳಿಗೆಲ್ಲ ವ್ಯಾಸಲಿನ್ ಹಚ್ಚಿ. ಒಂದರ ಮೇಲ್ಮೈಗೆ, ಇನ್ನೊಂದರ ಕೆಳಮೈಗೆ, ಮೂರನೆಯದರ ಎರಡೂ ಬದಿಗೆ ವ್ಯಾಸಲಿನ್ ಬಳಿಯಿರಿ. ನಾಲ್ಕನೆಯದನ್ನು ಹಾಗೇ ಬಿಡಿ. ದಾರಕ್ಕೆ ಕಟ್ಟಿ ನೆರಳಿನಲ್ಲಿ ತೂಗುಹಾಕಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ. ಯಾವುದು ಮೊದಲು ಬಾಡಿತು, ಯಾವುದು ಹಸಿಯಾಗಿ ಉಳಿಯಿತು ಎಂದು ದಿನವೂ ಬರೆದಿಡಿ. ಪತ್ರರಂಧ್ರ ಯಾವ ಬದಿಗಿದೆ ಎಂದು ಎಲೆಯೇ ಹೇಳುತ್ತದೆ.

ಈಗ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಈ ಸೀಮೆಗೆ ಹರಿದಿದೆ. ಆದರೂ ನಮ್ಮಂಗಳಕ್ಕೆ ಗುಲಾಬಿ ಮರಳಿ ಬಂದಿಲ್ಲ. ಬೇಲಿಯಂಚಿನಲ್ಲಿ ತಂಗಡಿ, ಗೇಟಿನ ಮೇಲೆ ಕಾಗದದ ಹೂವು ಇವೆ. ಮಗಳು ತವರಿಗೆ ಬಂದಾಗ ಮೊದಲು ಅವುಗಳನ್ನು ನೋಡುತ್ತಾಳೆ. ಕೊಡ ಮಾತ್ರ ಅಡಿಗೆಮನೆಯಲ್ಲಿಯೇ ಇರುತ್ತದೆ.