ಉಪದೇಶಕನ ಬೇಸರ

ಒಂದೇ ಪಾಠವನ್ನು ಮೂವತ್ತು ವರ್ಷ ಹೇಳಿದ ಉಪಾಧ್ಯಾಯನಿಗೆ ಬೇಸರವೆಂದರೇನೆಂದು ಅನ್ಯರು ತಿಳಿಸಬೇಕಾಗಿಲ್ಲ. ರಾಮಶಬ್ದವನ್ನು ನಾವು ಎಷ್ಟು ಬಾರಿ ಹೇಳಿಕೊಟ್ಟೆವೋ ಲೆಕ್ಕವಿಲ್ಲ. ಕಡೆಕಡೆಗೆ ಬಾಯಿ ತಾನಾಗಿ ನುಡಿಯುತ್ತಿತ್ತು, ಮನಸ್ಸು ಮನೆಯ ಜಮಾಖರ್ಚಿನಲ್ಲಿರುತ್ತಿತ್ತು. ವ್ಯಾಕರಣದ ಪಾಠದಲ್ಲಿಯೇ ಇದು ದೋಷವಾದರೆ ಧರ್ಮೋಪದೇಶದಲ್ಲಿ ಎಷ್ಟು ದೊಡ್ಡ ದೋಷವಾಗಬೇಡ! ಈ ಕಷ್ಟವನ್ನೇ ಕುರಿತು ಕ್ರೈಸ್ತರಲ್ಲಿ ಬಹು ಹಿಂದೆಯೇ ಒಂದು ಚಿಕ್ಕ ಗ್ರಂಥವು ಹುಟ್ಟಿತೆಂಬುದನ್ನು ವಾಚಕರಲ್ಲಿ ಅನೇಕರು ಅರಿಯರು.

ಕ್ರಿ. ಶ. 400ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ಪಟ್ಟಣದಲ್ಲಿ ದೇವೊಗ್ರಾತಿಯಸ್ ಎಂಬ ಸಭಾಸೇವಕನಿದ್ದನು. ಕ್ರೈಸ್ತಧರ್ಮವನ್ನು ಸೇರಬಯಸಿ ಬಂದವರಿಗೆ ಮೊದಲ ಪಾಠ ಹೇಳುವುದು ಅವನ ಪಾಲಿನ ಕೆಲಸ. ಚೆನ್ನಾಗಿ ಬೋಧಿಸುತ್ತಾನೆಂದು ಜನರು ಹೊಸಬರನ್ನು ಅವನಲ್ಲಿಗೇ ಕರೆತರುತ್ತಿದ್ದರು. ಅವನಿಗಾದರೋ ತನ್ನ ಮಾತು ತನಗೇ ನೀರಸವಾಗಿ ತೋರುತ್ತಿತ್ತು. ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕೆಂದು ತೋಚದೆ, ಹಿಪ್ಪೋ ಪಟ್ಟಣದ ಬಿಷಪ್ಪನಾದ ಆಗಸ್ಟೀನನನ್ನು ಕೇಳಿಕೊಂಡನು. ಅದಕ್ಕೆ ಉತ್ತರವಾಗಿ ಬಂದದ್ದೇ ಆ ಲ್ಯಾಟಿನ್ ಗ್ರಂಥ.

ಆಗಸ್ಟೀನನು 387ರಲ್ಲಿ ದೀಕ್ಷಾಸ್ನಾನವನ್ನು ಪಡೆಯುವುದಕ್ಕೆ ಮುನ್ನ ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ವಾಕ್ಕಲೆಯನ್ನು ಕಲಿಸಿದವನು. ಆದಕಾರಣ ಅವನ ಉತ್ತರದಲ್ಲಿ ಬರಿಯ ಭಕ್ತಿಯ ಮಾತಿಲ್ಲ. ಅರಿವು ಮಿಂಚಿನಂತೆ ಹೊಳೆದು ಮರೆಯಾಗುವುದು, ನಾಲಗೆ ಹಿಂದುಳಿಯುವುದು. ಹೀಗಾಗಿ ತನ್ನ ಮಾತೂ ತನಗೆ ರುಚಿಸದೆಂದು ಒಪ್ಪಿಕೊಳ್ಳುತ್ತಾನೆ. ಹಳೆಯ ಪಾಠದ ಬೇಸರಕ್ಕೆ ಅವನು ಕೊಡುವ ಮದ್ದು ನಮಗೆ ಬಹಳ ಹಿಡಿಸಿತು. ನಾವು ಕಣ್ಣೆತ್ತಿ ನೋಡದೆ ಹಾಯ್ದುಹೋಗುವ ರಮ್ಯಸ್ಥಳವನ್ನು ಹೊಸದಾಗಿ ಬಂದ ಸ್ನೇಹಿತನಿಗೆ ತೋರಿಸುವಾಗ, ಅವನ ಸಂತೋಷದಿಂದ ನಮ್ಮ ಸಂತೋಷವೂ ಚಿಗುರುವುದಿಲ್ಲವೆ? ಸ್ನೇಹವು ಹೆಚ್ಚಿದಷ್ಟೂ ಹಳೆಯದು ಹೊಸದಾಗುತ್ತದಂತೆ.

ವೈಯಾಕರಣರಾದ ನಮ್ಮನ್ನು ಚುಚ್ಚುವ ಮಾತೂ ಉಂಟು. ಪ್ರಾರ್ಥಿಸುವ ಗುರುವು ಅಪಶಬ್ದವನ್ನಾಡಿದರೆ ನಗಬಾರದೆಂಬುದನ್ನು, ಓದಿಕೊಂಡು ಬಂದವರಿಗೆ ತಪ್ಪದೆ ಕಲಿಸಬೇಕಂತೆ!

ಇನ್ನು ಆಕಳಿಕೆಯ ವಿಚಾರ. ಕೇಳುವವನು ಆಕಳಿಸತೊಡಗಿದರೆ, ಪ್ರಸ್ತುತಕ್ಕೆ ಒಪ್ಪುವ ಉಲ್ಲಾಸದ ಮಾತೊಂದನ್ನಾಡಿ ಅವನನ್ನು ಎಚ್ಚರಿಸಬೇಕು, ಇಲ್ಲವೆ ಕುಳ್ಳಿರಿಸಬೇಕು. ಅಲ್ಲಿಯ ಸಭೆಗಳಲ್ಲಿ ಬೋಧಕನು ಕುಳಿತು, ಜನರು ನಿಂತು ಕೇಳುವುದು ವಾಡಿಕೆಯಾಗಿತ್ತು. ಹಳ್ಳಿಗನೊಬ್ಬನಿಗೆ ಉಪದೇಶಿಸುವಾಗ ತಾನು ಇದನ್ನು ಕಲಿತೆನೆಂದು ಆಗಸ್ಟೀನನೇ ಬರೆಯುತ್ತಾನೆ. ನಿಂತವನ ಕಾಲುನೋವನ್ನು ಅರಿಯುವುದು ಬೋಧನಕೌಶಲವೋ ಭಕ್ತಿಯೋ, ಬೇರ್ಪಡಿಸಿ ಹೇಳುವುದು ನಮ್ಮಿಂದಾಗದು.

ಒಮ್ಮೆ ನಾವು ಆಕಳಿಸಿದ ಹುಡುಗನೊಬ್ಬನನ್ನು ಇಡೀ ಪಾಠದ ಹೊತ್ತು ಬೆಂಚಿನ ಮೇಲೆ ನಿಲ್ಲಿಸಿದೆವು. ಅವನು ನಿತ್ಯವೂ ಎರಡು ಊರು ದಾಟಿ ನಡೆದು ಬರುತ್ತಿದ್ದನೆಂಬುದು ಆ ಸಂಜೆ ಅವನ ಅಜ್ಜಿ ಹೇಳಿದಾಗಲೇ ನಮಗೆ ತಿಳಿದದ್ದು. ಮರುದಿನ ಅವನನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದೆವು. ಏಕೆಂದು ಹೇಳಲು ನಾಲಗೆ ಏಳಲಿಲ್ಲ.