ಚಪ್ಪರ, ಪರ್ಗೋಲಾ ಮತ್ತು ನಮ್ಮ ಲೆಕ್ಕಪುಸ್ತಕ

ಹಳದೀಪುರದಂತಹ ಕರಾವಳಿಯ ಊರಿನಲ್ಲಿ ಬಸಳೆ ಚಪ್ಪರವನ್ನು ಅರಿಯದವರಿಲ್ಲ. ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಬಳ್ಳಿ ಹಬ್ಬಿಸಿದರೆ ಚಪ್ಪರ ಸಿದ್ಧ. ಇದೇ ಕಲ್ಪನೆಯ ಬೇರೆ ರೂಪಗಳು ಇಂದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಹೋಟೆಲು, ಹೋಂಸ್ಟೇಗಳ ಅಂಗಳಕ್ಕೂ ಒಪ್ಪುತ್ತವೆ. ದಾರಿಯ ಮೇಲೆ ಬಳ್ಳಿ ಹಬ್ಬಿಸುವ ಕಮಾನು ಆರ್ಬರ್. ಕಂಬಗಳ ಮೇಲೆ ತೆರೆದ ತೊಲೆಗಳ ಸಾಲಿದ್ದರೆ ಪರ್ಗೋಲಾ. ಸುತ್ತ ತೆರೆದು ಮೇಲೆ ಛಾವಣಿ ಹೊದಿಸಿದ್ದು ಗೆಜೀಬೋ.

ಹೆಸರು ಯಾವುದೇ ಇರಲಿ, ವ್ಯಾಪಾರಸ್ಥರಿಗೆ ಮುಖ್ಯವಾದ ಪ್ರಶ್ನೆ ಒಂದೇ: ಇದರ ವೆಚ್ಚವನ್ನು ಯಾವ ಶೀರ್ಷಿಕೆಯಡಿ ಬರೆಯಬೇಕು?

ಪ್ರತಿ ವರ್ಷ ಅಂಗಡಿಯ ಮುಂದೆ ಹಾಕಿ, ಮಳೆಗೆ ಮುನ್ನ ಕಳಚುವ ಮಡ್ಲಿನ ಚಪ್ಪರದ ಖರ್ಚು ಆಯಾ ವರ್ಷದ ಕಂದಾಯ ವೆಚ್ಚ. ಹಲವು ವರ್ಷ ಉಳಿಯುವ ರಚನೆಯಾದರೆ ಅದು ಬಂಡವಾಳ ವೆಚ್ಚ. ಅದಕ್ಕೆ ಸವಕಳಿ ಮಾತ್ರ ದೊರೆಯುತ್ತದೆ. 1962ರ ಆದಾಯ ತೆರಿಗೆ ನಿಯಮಗಳು ಮರದ ರಚನೆಯಂತಹ ಸಂಪೂರ್ಣ ತಾತ್ಕಾಲಿಕ ನಿರ್ಮಾಣಗಳಿಗೆ ಹಿಂದೆ ಶೇ. 100ರಷ್ಟು ಸವಕಳಿ ನೀಡಿದ್ದವು. 2017-18ನೇ ಹಣಕಾಸು ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ತಳಪಾಯ ಹಾಕಿ ಕಾಂಕ್ರೀಟಿನಿಂದ ಕಟ್ಟಿದ ಗೆಜೀಬೋ ವ್ಯಾಪಾರದ ಕಟ್ಟಡವೆನಿಸಿ, ದರ ಶೇ. 10 ಆಗುತ್ತದೆ.

2 ಲಕ್ಷ ರೂ. ವೆಚ್ಚವೆಂದು ಭಾವಿಸೋಣ. ಮೊದಲ ವರ್ಷದ ಸವಕಳಿ ಒಂದರಲ್ಲಿ 80,000 ರೂ., ಇನ್ನೊಂದರಲ್ಲಿ 20,000 ರೂ. ಶೇ. 30 ತೆರಿಗೆ ಹಾಗೂ ಅದರ ಮೇಲೆ ಶೇ. 4 ಉಪಕರ ತೆರುವ ಪಾಲುದಾರಿಕೆ ಸಂಸ್ಥೆಗೆ ಆ ವರ್ಷದ ಅಂತರ 18,720 ರೂ. ಪಕ್ಕಾ ಕಟ್ಟಡವನ್ನು ತಾತ್ಕಾಲಿಕವೆಂದು ತೋರಿಸಿದರೆ ಈ ಮೊತ್ತದೊಂದಿಗೆ ಬಡ್ಡಿ, ದಂಡಗಳೂ ಎದುರಾಗಬಹುದು.

ಇನ್ನೊಂದು ಅಂಶ ಗಮನಾರ್ಹ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅರ್ಧ ಸವಕಳಿ ಮಾತ್ರ. ಮಳೆಗಾಲ ಮುಗಿದ ಮೇಲೆ ಕೆಲಸ ಆರಂಭಿಸಿ, ಅಕ್ಟೋಬರ್ ಮೊದಲ ವಾರ ದಾಟಿ ಬಳಕೆಗೆ ತಂದವರು ಈ ಮಿತಿಗೆ ಒಳಗಾಗುತ್ತಾರೆ.

ಜಿಎಸ್‌ಟಿಯಲ್ಲಿಯೂ ಎಚ್ಚರ ಅಗತ್ಯ. ಸ್ವಂತ ಬಳಕೆಗೆ ಕಟ್ಟಿಸಿದ ಸ್ಥಿರಾಸ್ತಿಗೆ 17(5)ನೇ ಕಲಮಿನಂತೆ ಹೂಡುವಳಿ ತೆರಿಗೆ ಜಮೆ ಇಲ್ಲ. ಬೋಲ್ಟು ಬಿಚ್ಚಿ ಸಾಗಿಸಬಹುದಾದ ಪರ್ಗೋಲಾ ಸ್ಥಿರಾಸ್ತಿಯೇ ಎಂಬುದು ಅದನ್ನು ನೆಲಕ್ಕೆ ಜೋಡಿಸಿದ ಬಗೆಯನ್ನು ಅವಲಂಬಿಸಿದೆ. ಜಮೆ ಪಡೆದಲ್ಲಿ, ಆ ತೆರಿಗೆಯ ಮೊತ್ತಕ್ಕೆ ಸವಕಳಿ ಕೇಳುವಂತಿಲ್ಲ.

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಮೇಲಿನ ದರಗಳು 2025-26ರವರೆಗಿನ ಲೆಕ್ಕಗಳಿಗೆ ಸಂಬಂಧಿಸಿದವು. ನಂತರದ ವರ್ಷಗಳಿಗೆ ಹೊಸ ನಿಯಮಗಳ ಕೋಷ್ಟಕವನ್ನೇ ಅನುಸರಿಸತಕ್ಕದ್ದು.

ಆದ್ದರಿಂದ ಬಡಗಿಯ ಬಿಲ್ಲು, ಸಾಮಗ್ರಿಯ ವಿವರ, ಬಳಕೆಗೆ ತಂದ ದಿನಾಂಕ ಹಾಗೂ ಕಂಬದ ಬುಡ ಕಾಣುವ ಛಾಯಾಚಿತ್ರವನ್ನು ಕಡತದಲ್ಲಿ ಇರಿಸಿಕೊಳ್ಳಿರಿ. ಚಪ್ಪರವೋ ಕಟ್ಟಡವೋ ಎಂಬ ಪ್ರಶ್ನೆ ಎದ್ದಾಗ, ಬಳ್ಳಿ ಎಷ್ಟು ಸೊಂಪಾಗಿ ಹಬ್ಬಿದೆ ಎಂಬುದನ್ನಲ್ಲ, ಬುಡ ಹೇಗಿದೆ ಎಂಬುದನ್ನೇ ಅಧಿಕಾರಿಗಳು ನೋಡುತ್ತಾರೆ.