ಧ್ವನಿಮುದ್ರಣಗಳಲ್ಲಿ ಕೇಳಿಬರುವ ಸಿಳ್ಳುನಾದ

ಹಳೆಯ ಸಂಗೀತಮುದ್ರಣಗಳಲ್ಲಿ ಕೆಲವೊಮ್ಮೆ ಗಾಯನದ ಹಿಂದೆ ಸೂಜಿಮೊನೆಯಂಥ ಸಿಳ್ಳೊಂದು ಎಡೆಬಿಡದೆ ಕೇಳಿಬರುವುದುಂಟು. ಮುದ್ರಣಶಾಲೆಯಲ್ಲಿದ್ದ ಹಳೆಯ ಮಾದರಿಯ ಟೆಲಿವಿಷನ್ ಪೆಟ್ಟಿಗೆಯೇ ಅನೇಕ ವೇಳೆ ಇದಕ್ಕೆ ಕಾರಣ. ಭಾರತದಲ್ಲಿ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಎಂದರೆ ಸೆಕೆಂಡಿಗೆ 15,625 ಕಂಪನಗಳು. ಅಮೆರಿಕದ ವರ್ಣಪದ್ಧತಿಯಲ್ಲಿ ಸುಮಾರು 15,734. ವಯಸ್ಸಾದಂತೆ ಕಿವಿಯು ಇಂಥ ಉಚ್ಚನಾದಗಳನ್ನೇ ಮೊದಲು ಕಳೆದುಕೊಳ್ಳುವುದರಿಂದ, ಅನುಭವಿಗಳಾದ ಮುದ್ರಕರಿಗೂ ಇದು ಕೇಳದೆ ಹೋಗಬಹುದು. (ಮೂವತ್ತು ದಾಟಿದ ಈ ಲೇಖಕನಿಗೆ ಮಂದವಾಗಿ ಕೇಳಿದ್ದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಕೇಳಿತು.)

ಇಂದು ಗಣಕದಿಂದ ಇದನ್ನು ಅಳಿಸುವುದು ಸುಲಭವಾದರೂ, ಆತುರ ಸಲ್ಲದು. ಪ್ರತಿ ತೆಗೆದಾಗ 15,625ರ ಸಿಳ್ಳು 15,300ಕ್ಕೆ ಇಳಿದಿದ್ದರೆ, ಟೇಪು ನಿಧಾನವಾಗಿ ಓಡಿತೆಂದೂ ಗಾಯಕರ ಶ್ರುತಿಯೂ ಅದೇ ಪ್ರಮಾಣದಲ್ಲಿ ತಗ್ಗಿತೆಂದೂ ತಿಳಿಯುತ್ತದೆ. ಸಿಳ್ಳನ್ನು ಅಳಿಸಿದ ಪ್ರತಿಯಿಂದ ಈ ಲೆಕ್ಕ ಮಾಡಲಾಗದು.